ಪದವಿಯ ನಂತರದ ಮೊದಲ ಕೆಲಸ: ಗಡಿಭಾಗದ ವಾಣಿಜ್ಯ ಪದವೀಧರರು ತಿಳಿದಿರಬೇಕಾದ ಕಾನೂನು

ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ಬಿ.ಕಾಂ., ಬಿ.ಬಿ.ಎ. ಅಥವಾ ಎಂ.ಬಿ.ಎ. ಮುಗಿಸಿದವರು ಮೊದಲ ಕೆಲಸಕ್ಕೆ ಆಂಧ್ರಪ್ರದೇಶ, ಕರ್ನಾಟಕ ಎರಡೂ ರಾಜ್ಯಗಳ ಕಡೆ ನೋಡುತ್ತಾರೆ. ಹಿಂದೂಪುರ 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಪೆನುಕೊಂಡ ಬಳಿಯ ಕಿಯಾ ಕಾರು ಕಾರ್ಖಾನೆ ಮತ್ತು ಸುತ್ತಲಿನ ಕೈಗಾರಿಕೆಗಳು ಒಂದು ದಿಕ್ಕಾದರೆ, ಗೌರಿಬಿದನೂರು, ದೊಡ್ಡಬಳ್ಳಾಪುರ, ಬೆಂಗಳೂರು ಇನ್ನೊಂದು ದಿಕ್ಕು. ಹೀಗಾಗಿ ಯಾವ ರಾಜ್ಯದ ನಿಯಮ ಅನ್ವಯಿಸುತ್ತದೆ, ಯಾವ ಕಚೇರಿಗೆ ಹೋಗಬೇಕು ಎಂಬ ಗೊಂದಲ ಇಲ್ಲಿನವರಿಗೆ ಸಹಜ. ಸ್ಥೂಲವಾಗಿ ಹೇಳುವುದಾದರೆ, ರಾಜ್ಯ ಸರ್ಕಾರದ ನೌಕರಿಗೆ ಓದಿದ ಊರು ಮುಖ್ಯ, ಖಾಸಗಿ ನೌಕರಿಗೆ ದುಡಿಯುವ ಊರು ಮುಖ್ಯ. ಮೋಸ ಹೋದಾಗ ದೂರು ಕೊಡಲು ಮಾತ್ರ ಊರಿನ ಹಂಗಿಲ್ಲ.

ಸರ್ಕಾರಿ ನೌಕರಿ ಮತ್ತು ಸ್ಥಳೀಯತೆ

ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗದಲ್ಲಿ ಎಲ್ಲ ಪ್ರಜೆಗಳಿಗೂ ಸಮಾನ ಅವಕಾಶ ನೀಡುತ್ತದೆ. ವಾಸಸ್ಥಳದ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ. ಆಂಧ್ರಪ್ರದೇಶಕ್ಕೆ ಇದರಿಂದ ಒಂದು ವಿನಾಯಿತಿ ಇದೆ. 1973ರ ತಿದ್ದುಪಡಿಯಿಂದ ಬಂದ 371-ಡಿ ವಿಧಿ ಮತ್ತು ಅದರಡಿ 1975ರಿಂದ ಜಾರಿಗೆ ಬಂದ ರಾಷ್ಟ್ರಪತಿ ಆದೇಶದ ವ್ಯವಸ್ಥೆಯಲ್ಲಿ ಜಿಲ್ಲೆ ಮತ್ತು ವಲಯ ಮಟ್ಟದ ಹುದ್ದೆಗಳ ದೊಡ್ಡ ಪಾಲು ಸ್ಥಳೀಯ ಅಭ್ಯರ್ಥಿಗಳಿಗೆ ಮೀಸಲು. ಸ್ಥಳೀಯರು ಯಾರು ಎಂಬುದನ್ನು ಮನೆಮಾತಿನಿಂದಲೋ ಹುಟ್ಟಿದ ಊರಿನಿಂದಲೋ ತೀರ್ಮಾನಿಸುವುದಿಲ್ಲ. ನಿಗದಿತ ವರ್ಷಗಳ ಕಾಲ ಎಲ್ಲಿ ಓದಿದರು ಎಂಬುದನ್ನು ಮೊದಲು ನೋಡುತ್ತಾರೆ. ಆದ್ದರಿಂದ ಕರ್ನಾಟಕದ ಪಾವಗಡದಲ್ಲೋ ಬೆಂಗಳೂರಿನಲ್ಲೋ ಶಾಲೆ ಓದಿ ಊರಿಗೆ ಮರಳಿದವರು ತಮ್ಮದೇ ಜಿಲ್ಲೆಯಲ್ಲಿ ಸ್ಥಳೀಯೇತರರಾಗಿ ಎಣಿಕೆಯಾಗುವ ಸಾಧ್ಯತೆ ಇದೆ. ಅಂಥವರೂ ಮೀಸಲಲ್ಲದ ಪಾಲಿನ ಹುದ್ದೆಗಳಿಗೆ ಸ್ಪರ್ಧಿಸಬಹುದು. ಶಾಲೆ, ಕಾಲೇಜುಗಳ ಸ್ಟಡಿ ಸರ್ಟಿಫಿಕೇಟ್‌ಗಳನ್ನು ಮೊದಲೇ ತೆಗೆದಿಟ್ಟುಕೊಂಡು, ಅರ್ಜಿ ಹಾಕುವ ಮುನ್ನ ಆಯಾ ಅಧಿಸೂಚನೆಯ ಸ್ಥಳೀಯತೆಯ ಷರತ್ತನ್ನು ಓದಬೇಕು.

ನೇಮಕಾತಿಯಲ್ಲಿ ಅನುಮಾನವಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳಲ್ಲಿ ಮೊದಲ ಮೇಲ್ಮನವಿ. ಪರೀಕ್ಷಾರ್ಥಿಗೆ ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿ.ಬಿ.ಎಸ್.ಇ. ಪ್ರಕರಣದಲ್ಲಿ ಹೇಳಿದೆ.

ಬ್ಯಾಂಕ್ ಹುದ್ದೆ: ಕನ್ನಡದ ಅನುಕೂಲ

ಸಾರ್ವಜನಿಕ ವಲಯದ ಬ್ಯಾಂಕ್‌ಗಳ ಗುಮಾಸ್ತ ಹುದ್ದೆಗಳ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು ಕೇಂದ್ರ ಹಣಕಾಸು ಸಚಿವಾಲಯ 2021ರಲ್ಲಿ ತೀರ್ಮಾನಿಸಿತು. ಅಭ್ಯರ್ಥಿ ಒಂದೇ ರಾಜ್ಯವನ್ನು ಆರಿಸಿಕೊಳ್ಳಬೇಕು. ಆ ರಾಜ್ಯದ ಭಾಷೆಯಲ್ಲಿ ಓದಲು, ಬರೆಯಲು, ಮಾತನಾಡಲು ಬರಬೇಕು. ಕನ್ನಡ, ತೆಲುಗು ಎರಡೂ ಬಲ್ಲ ಗಡಿಭಾಗದವರಿಗೆ ಎರಡು ರಾಜ್ಯಗಳ ಬಾಗಿಲೂ ತೆರೆದಿದೆ. ಆದರೆ ಮಾತು ಬಂದರೆ ಸಾಲದು, ಬರಹವೂ ಬೇಕು. ಕನ್ನಡವನ್ನು ಶಾಲೆಯಲ್ಲಿ ಓದಿದ್ದಕ್ಕೆ ಅಂಕಪಟ್ಟಿಯ ದಾಖಲೆ ಇದ್ದರೆ ಅದನ್ನು ಜೋಪಾನ ಮಾಡಬೇಕು.

ಖಾಸಗಿ ಕೆಲಸದಲ್ಲಿ ಸ್ಥಳೀಯರ ಪಾಲು

ಕಾರ್ಖಾನೆ, ಕೈಗಾರಿಕೆಗಳ ಉದ್ಯೋಗದಲ್ಲಿ ಶೇಕಡಾ 75ರಷ್ಟನ್ನು ಸ್ಥಳೀಯರಿಗೆ ನೀಡಬೇಕೆಂದು ಆಂಧ್ರಪ್ರದೇಶ 2019ರಲ್ಲಿ ಕಾನೂನು ಮಾಡಿತು. ಹರಿಯಾಣದ ಇಂಥದ್ದೇ ಕಾನೂನನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರ್‌ನಲ್ಲಿ ರದ್ದುಪಡಿಸಿತು. ಕರ್ನಾಟಕ ತನ್ನ ಮಸೂದೆಯನ್ನು 2024ರ ಜುಲೈನಲ್ಲಿ ತಡೆಹಿಡಿಯಿತು. ಒಬ್ಬ ಅಭ್ಯರ್ಥಿ ಇಂಥ ಕಾನೂನನ್ನು ಮುಂದಿಟ್ಟು 'ಈ ಕೆಲಸ ನನಗೇ ಕೊಡಿ' ಎಂದು ಕಂಪನಿಯನ್ನು ಒತ್ತಾಯಿಸಲು ಬರುವುದಿಲ್ಲ. ದೇಶದ ಯಾವ ಭಾಗಕ್ಕಾದರೂ ಹೋಗಿ ನೆಲೆಸುವ, ವೃತ್ತಿ ಮಾಡುವ ಸ್ವಾತಂತ್ರ್ಯ ಮಾತ್ರ 19ನೇ ವಿಧಿಯಡಿ ಪ್ರತಿ ಪ್ರಜೆಗೂ ಇದೆ.

ನೇಮಕಾತಿ ಪತ್ರ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅವುಗಳ ಪೈಕಿ ಔದ್ಯೋಗಿಕ ಸುರಕ್ಷತೆಯ ಸಂಹಿತೆಯ ಪ್ರಕಾರ ಮಾಲೀಕರು ಪ್ರತಿ ಉದ್ಯೋಗಿಗೂ ನೇಮಕಾತಿ ಪತ್ರ ಕೊಡಬೇಕು. ಆಫರ್ ಲೆಟರ್ ಬಂದ ಮೇಲೂ ನೇಮಕಾತಿ ಪತ್ರ ಕೇಳಿ ಪಡೆಯಬೇಕು. ಹುದ್ದೆ, ಸಂಬಳದ ವಿಂಗಡಣೆ, ಕೆಲಸದ ಸ್ಥಳ, ಪ್ರೊಬೇಷನ್ ಅವಧಿ, ನೋಟಿಸ್ ಅವಧಿ ಅದರಲ್ಲಿವೆಯೇ ಎಂದು ನೋಡಬೇಕು.

'ಟ್ರೈನಿ' ಎಂಬ ಹೆಸರಿನ ಹಿಂದೆ ಏನಿದೆ ಎಂದು ವಿಚಾರಿಸುವುದು ಅಗತ್ಯ. 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿತ ಒಪ್ಪಂದವಿದ್ದರೆ ಆ ವ್ಯಕ್ತಿ ಕಲಿಯುವವರು. ಸಿಗುವುದು ಸ್ಟೈಪೆಂಡ್, ಮತ್ತು ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂದಿಲ್ಲ. ಅಂಥ ಒಪ್ಪಂದವಿಲ್ಲದೆ ಉಳಿದವರಂತೆ ದುಡಿಸಿಕೊಳ್ಳುತ್ತಿದ್ದರೆ ಟ್ರೈನಿ ಎಂಬ ಹೆಸರಿಟ್ಟ ಮಾತ್ರಕ್ಕೆ ಉದ್ಯೋಗಿಯ ಹಕ್ಕು ಹೋಗುವುದಿಲ್ಲ.

ಅದೇ ರೀತಿ ಹುದ್ದೆಯ ಹೆಸರಿಗಿಂತ ಮಾಡುವ ಕೆಲಸ ಮುಖ್ಯ. ಲೆಕ್ಕ ಬರೆಯುವ, ಬಿಲ್ ಹಾಕುವ ನೌಕರನಿಗೆ 'ಮ್ಯಾನೇಜರ್' ಎಂದು ಹೆಸರಿಟ್ಟರೂ ಆತ ಕಾರ್ಮಿಕನೇ. ಕೆಲಸದಿಂದ ತೆಗೆದರೆ ಕೈಗಾರಿಕಾ ವಿವಾದ ಹೂಡಬಹುದು. ನಿಜವಾಗಿ ಆಡಳಿತ ನಡೆಸುವವರಿಗೂ, 18,000 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವ ಮೇಲ್ವಿಚಾರಕರಿಗೂ ಆ ದಾರಿ ಇಲ್ಲ. ನಾಲ್ಕು ಸಂಹಿತೆಗಳಲ್ಲಿ ಒಂದಾದ ವೇತನ ಸಂಹಿತೆಯ ರಕ್ಷಣೆ ಮಾತ್ರ ಇಬ್ಬರಿಗೂ ಇದೆ.

ಬಾಂಡ್ ಮತ್ತು ಮೂಲ ಪ್ರಮಾಣಪತ್ರಗಳು

ಇಂತಿಷ್ಟು ವರ್ಷ ಕೆಲಸ ಬಿಡಬಾರದು, ಬಿಟ್ಟರೆ ಹಣ ಕಟ್ಟಬೇಕು ಎಂಬ ಬಾಂಡ್ ಕಾನೂನುಬಾಹಿರವೆಂದು ಅನೇಕರು ನಂಬಿದ್ದಾರೆ. ಅದು ಪೂರ್ತಿ ನಿಜವಲ್ಲ. ವಿಜಯಾ ಬ್ಯಾಂಕಿನಲ್ಲಿ ಕಾಸ್ಟ್ ಅಕೌಂಟೆಂಟ್ ಹುದ್ದೆಗೆ ಸೇರಿದ ಅಧಿಕಾರಿ ಮೂರು ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಟ್ಟ ಪ್ರಕರಣದಲ್ಲಿ 2 ಲಕ್ಷ ರೂಪಾಯಿಯ ಬಾಂಡನ್ನು ಸುಪ್ರೀಂ ಕೋರ್ಟ್ 2025ರ ಮೇ 14ರಂದು ಎತ್ತಿಹಿಡಿಯಿತು. ಕೆಲಸದಲ್ಲಿರುವ ಅವಧಿಗೆ ಹಾಕುವ ಇಂಥ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿಗೆ ವಿರುದ್ಧವಲ್ಲ ಎಂಬುದು ಅದರ ನಿಲುವು. ಆದರೆ ಕೆಲಸ ಬಿಟ್ಟ ಮೇಲೂ ಬೇರೆ ಕಂಪನಿ ಸೇರಬಾರದೆಂಬ ಷರತ್ತು ಅದೇ ಕಲಮಿನಡಿ ಸಾಮಾನ್ಯವಾಗಿ ಅನೂರ್ಜಿತ. ಬಾಂಡಿನಲ್ಲಿ ಎಷ್ಟೇ ಮೊತ್ತ ಬರೆದಿದ್ದರೂ 74ನೇ ಕಲಮಿನ ಪ್ರಕಾರ ನ್ಯಾಯಾಲಯ ಕೊಡಿಸುವುದು ಆ ಮೊತ್ತ ಮೀರದ, ನ್ಯಾಯಯುತವಾದ ಪರಿಹಾರವನ್ನಷ್ಟೇ.

ಮೂಲ ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳನ್ನು ಪರಿಶೀಲನೆಗೆ ತೋರಿಸಿ ವಾಪಸು ಪಡೆಯಬೇಕು, ಒತ್ತೆಯಾಗಿ ಕೊಡಬಾರದು. ಅನಿವಾರ್ಯವಾಗಿ ಕೊಟ್ಟರೆ ಸಹಿ, ಮೊಹರು ಇರುವ ರಸೀದಿ ಇರಲಿ.

ಸಂಬಳ, ಪಿ.ಎಫ್., ಕೆಲಸದಿಂದ ತೆಗೆಯುವುದು

ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಬರಬೇಕು. ರಾಜೀನಾಮೆ ಕೊಟ್ಟರೂ, ವಜಾ ಮಾಡಿದರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. ಬಾಕಿಗಾಗಿ ಮೂರು ವರ್ಷಗಳೊಳಗೆ ಕ್ಲೇಮು ಹಾಕಬಹುದು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣು, ಗಂಡು ಎಂದು ಸಂಬಳದಲ್ಲಾಗಲಿ ನೇಮಕದಲ್ಲಾಗಲಿ ಭೇದ ಮಾಡುವಂತಿಲ್ಲ.

20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಪಿ.ಎಫ್. ಅನ್ವಯಿಸುತ್ತದೆ. ಪಿ.ಎಫ್. ಸದಸ್ಯರಿಗೆ ಕೊಡುವ ಯು.ಎ.ಎನ್. ಸಂಖ್ಯೆ ದೇಶಕ್ಕೆಲ್ಲ ಒಂದೇ. ಹಿಂದೂಪುರದ ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ ಹೊಸದು ಬೇಡ. ಇ.ಎಸ್.ಐ. ವ್ಯಾಪ್ತಿಗೆ 21,000 ರೂಪಾಯಿವರೆಗಿನ ಸಂಬಳದವರು ಬರುತ್ತಾರೆ. ನೌಕರರ ವಂತಿಗೆ ಶೇಕಡಾ 0.75.

ಅಂಗಡಿ, ಕಚೇರಿಗಳಲ್ಲಿ ಆರು ತಿಂಗಳು ಸತತ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸನ್ನೋ ಅದರ ಬದಲಿಗೆ ಸಂಬಳವನ್ನೋ ಕೊಡದೆ ತೆಗೆಯುವಂತಿಲ್ಲ. ಆಂಧ್ರದ 1988ರ ಮತ್ತು ಕರ್ನಾಟಕದ 1961ರ ಅಂಗಡಿ–ವಾಣಿಜ್ಯ ಸಂಸ್ಥೆಗಳ ಕಾಯ್ದೆಗಳು ಈ ವಿಷಯದಲ್ಲಿ ಒಂದೇ ಮಾತು ಹೇಳುತ್ತವೆ. ದೂರು ಮಾತ್ರ ದುಡಿಯುವ ಊರಿನ ಕಾರ್ಮಿಕ ಇಲಾಖೆಗೇ ಹೋಗಬೇಕು: ಬೆಂಗಳೂರಿನ ಕೆಲಸದ ತಕರಾರನ್ನು ಅನಂತಪುರದ ಕಚೇರಿ ವಿಚಾರಿಸುವುದಿಲ್ಲ.

ಕೆಲಸದ ಹೆಸರಲ್ಲಿ ಮೋಸ

ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ಮೊದಲೇ ಹಣ ಕೇಳುವವರನ್ನು ನಂಬಬಾರದು. ಕಂಪನಿ ನಿಜವಾಗಿ ನೋಂದಣಿಯಾಗಿದೆಯೇ ಎಂದು ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಡಬಹುದು. ಆನ್‌ಲೈನ್‌ನಲ್ಲಿ ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಇಂಥ ವಂಚನೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ಅಪರಾಧ. ಮೋಸ ನಡೆದದ್ದು ಬೆಂಗಳೂರಿನಲ್ಲಾದರೂ ದೂರನ್ನು ಹಿಂದೂಪುರದ ಠಾಣೆಯಲ್ಲೇ ಕೊಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ವ್ಯಾಪ್ತಿಯ ನೆಪ ಹೇಳಿ ದೂರು ನಿರಾಕರಿಸುವಂತಿಲ್ಲ; ಇದೇ ಝೀರೋ ಎಫ್.ಐ.ಆರ್. ಅದರ ಪ್ರತಿ ಉಚಿತ. ಠಾಣೆಯವರು ಒಪ್ಪದಿದ್ದರೆ ಜಿಲ್ಲಾ ಎಸ್.ಪಿ.ಗೆ, ಆಮೇಲೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬೇಕು. ಸರ್ಕಾರಿ ನೌಕರಿಗೆಂದು ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು ಏಳು ದಿನಗಳೊಳಗೆ ದೂರು ಕೊಟ್ಟರೆ ಅವರಿಗೆ ರಕ್ಷಣೆ ಇದೆ.

ನೆರವು ಎಲ್ಲಿ?

ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಮತ್ತು ಕಡಿಮೆ ಆದಾಯದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತವಾಗಿ ವಕೀಲರು ಸಿಗುತ್ತಾರೆ. ಆಂಧ್ರದಲ್ಲಿ ಇದನ್ನು ನೋಡಿಕೊಳ್ಳುವುದು ನ್ಯಾಯಾಲಯದ ಆವರಣದ ಮಂಡಲ ಕಾನೂನು ಸೇವಾ ಸಮಿತಿ, ಸಹಾಯವಾಣಿ 15100. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ ಸಂಸ್ಥೆಯ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬೇಕು. ಹತ್ತಕ್ಕಿಂತ ಕಡಿಮೆ ನೌಕರರಿರುವಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ. ಟ್ರೈನಿಗಳಿಗೂ ಈ ಹಕ್ಕಿದೆ.

ತೆಲುಗು ಬರವಣಿಗೆ ಬಾರದವರು ಹಿಂಜರಿಯಬೇಕಿಲ್ಲ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನೀಡಿದೆ. ಹಿಂದೂಪುರ, ಕಲ್ಯಾಣದುರ್ಗಗಳಲ್ಲಿ ಕನ್ನಡವೂ ಅಂಥ ಭಾಷೆ. ಮನವಿಯ ಜೊತೆ ದಾಖಲೆಗಳ ನಕಲನ್ನಷ್ಟೇ ಲಗತ್ತಿಸಿ, ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಬೇಕು.