ಹಗಲು ಮಲಗಿದರೆ ರಾತ್ರಿ ಮಲಗುವುದಿಲ್ಲವೆ?

ಆರೋಗ್ಯ ಪ್ರಶ್ನೋತ್ತರ: ಒಂದರಿಂದ ಮೂರು ವರ್ಷದ ಮಕ್ಕಳ ನಿದ್ದೆ

ಪ್ರಶ್ನೆ: ನನ್ನ ಮಗನಿಗೆ 16 ತಿಂಗಳು. ಮೊದಲು ಬೆಳಿಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಮಲಗುತ್ತಿದ್ದ. ಈಗ ಎರಡನೇ ನಿದ್ದೆ ಸಂಜೆ ಐದಕ್ಕೆ ಹೋಗಿದೆ. ರಾತ್ರಿ ಹನ್ನೊಂದಾದರೂ ಮನೆ ತುಂಬ ಓಡಾಡುತ್ತಿರುತ್ತಾನೆ. ಹಗಲು ಮಲಗಿಸಲೇಬೇಡ, ರಾತ್ರಿ ತಾನಾಗಿ ಮಲಗುತ್ತಾನೆ ಎಂದರು ಅತ್ತೆ. ಹಾಗೇ ಮಾಡಿದೆ. ಸಂಜೆಯಿಡೀ ರಚ್ಚೆ ಹಿಡಿದ, ರಾತ್ರಿ ಎರಡಕ್ಕೆ ಎದ್ದು ಅತ್ತ. ಏನು ಮಾಡಲಿ?
– ಗೃಹಿಣಿ, ಶ್ರೀನಗರ

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಹಗಲು ನಿದ್ದೆ ರಾತ್ರಿಗೆ ಅಡ್ಡ ಬರುತ್ತದೆ, ಆದರೆ ಹೊತ್ತು ಮೀರಿ ಬಂದಾಗ ಮಾತ್ರ. ಎಚ್ಚರವಿದ್ದಷ್ಟು ಕಾಲ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗಿ ನಿದ್ದೆಯ ಒತ್ತಡ ಏರುತ್ತದೆ, ಮಲಗಿದಾಗ ಇಳಿಯುತ್ತದೆ. ಆರೂವರೆಗೆ ಹೊಟ್ಟೆ ತುಂಬ ತಿಂಡಿ ತಿಂದ ಮಗುವಿಗೆ ಎಂಟಕ್ಕೆ ಊಟ ಬೇಡವಾಗುತ್ತದಲ್ಲ, ಆರೂವರೆವರೆಗೆ ಮಲಗಿದ ಮಗುವಿಗೆ ಎಂಟಕ್ಕೆ ನಿದ್ದೆ ಬಾರದಿರುವುದೂ ಹಾಗೆಯೇ.

ಹಾಗೆಂದು ಹಗಲು ನಿದ್ದೆಯನ್ನೇ ತೆಗೆದುಬಿಟ್ಟರೆ ಇನ್ನೊಂದು ತೊಂದರೆ. ಈ ವಯಸ್ಸಿನ ಮಗು ಹದಿಮೂರು ಗಂಟೆ ಒಂದೇ ಸಮನೆ ಎಚ್ಚರವಿರಲಾರದು. ದಣಿವು ಮಿತಿ ಮೀರಿದ ಮಗು ಸುಲಭವಾಗಿ ಮಲಗುವ ಬದಲು ಹಟ ಮಾಡುತ್ತದೆ, ನಡುರಾತ್ರಿ ಏಳುತ್ತದೆ. ನಿಮ್ಮ ಮನೆಯಲ್ಲಿ ಆದದ್ದು ಅದೇ.

ಹೆಚ್ಚಿನ ಮಕ್ಕಳು 15ರಿಂದ 18 ತಿಂಗಳ ನಡುವೆ ಎರಡು ಹಗಲು ನಿದ್ದೆಯಿಂದ ಒಂದಕ್ಕೆ ಬರುತ್ತಾರೆ. ನಿಮ್ಮ ಮಗ ಈಗ ಆ ತಿರುವಿನಲ್ಲಿದ್ದಾನೆ. ಬೆಳಿಗ್ಗೆಯ ನಿದ್ದೆಯನ್ನು ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಮುಂದೂಡುತ್ತಾ ಹನ್ನೆರಡೂವರೆಗೆ ತನ್ನಿ. ಹನ್ನೊಂದೂವರೆಗೇ ಅನ್ನ ತಿನ್ನಿಸಿಬಿಡಿ, ಇಲ್ಲದಿದ್ದರೆ ತಟ್ಟೆಯ ಮುಂದೆಯೇ ತೂಕಡಿಸುತ್ತಾನೆ. ಒಂದೂವರೆಯಿಂದ ಎರಡೂವರೆ ಗಂಟೆ ಮಲಗಲಿ, ಮೂರು ಗಂಟೆಗೆ ಎಬ್ಬಿಸಿ. ರಾತ್ರಿ ಎಂಟು, ಎಂಟೂವರೆಗೆ ಹಾಸಿಗೆ; ಬೆಳಿಗ್ಗೆ ಆರೂವರೆ, ಏಳಕ್ಕೆ ಏಳುವುದು. ಹಗಲು ನಿದ್ದೆ ಕಡಿಮೆಯಾದ ದಿನ ರಾತ್ರಿ ಏಳೂವರೆಗೇ ಮಲಗಿಸಿ. ಎರಡರಿಂದ ನಾಲ್ಕು ವಾರದಲ್ಲಿ ಹೊಂದಿಕೊಳ್ಳುತ್ತಾನೆ.

ಲೆಕ್ಕ ಹಾಕುವಾಗ ಇಡೀ ದಿನದ್ದನ್ನು ಕೂಡಿಸಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ 1ರಿಂದ 2 ವರ್ಷದ ಮಗುವಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ, 3ರಿಂದ 4 ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಪಕ್ಕದ ಮನೆಯ ಮಗು 13 ಗಂಟೆ ಮಲಗಿ, ನಿಮ್ಮದು ಹನ್ನೊಂದೂವರೆ ಗಂಟೆಯಷ್ಟೇ ಮಲಗಿ ಗೆಲುವಾಗಿ ಆಡುತ್ತಿದ್ದರೆ ಎರಡೂ ಸರಿಯೇ.

ಪ್ರಶ್ನೆ: ನಾನು, ನನ್ನ ಹೆಂಡತಿ ಇಬ್ಬರೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿದ್ದೇವೆ. ಮನೆ ಸೇರುವಷ್ಟರಲ್ಲಿ ರಾತ್ರಿ ಎಂಟು. ಎರಡು ವರ್ಷದ ಮಗಳು ಅಜ್ಜಿಯ ಬಳಿ ಸಂಜೆ ನಾಲ್ಕರಿಂದ ಆರರವರೆಗೆ ಮಲಗಿ, ರಾತ್ರಿ ಹನ್ನೊಂದರ ತನಕ ನಮ್ಮ ಜೊತೆ ಆಡುತ್ತಾಳೆ. ಬೇಗ ಮಲಗಿಸಿದರೆ ಅವಳ ಮುಖ ನೋಡುವುದು ಯಾವಾಗ?
– ತಂದೆ, ಹನುಮಂತನಗರ

ಉತ್ತರ: ನ್ಯಾಯವಾದ ಪ್ರಶ್ನೆ. ತಡವಾಗಿ ಮಲಗುವುದೇ ಒಂದು ಕಾಯಿಲೆಯಲ್ಲ. ಭಾರತವೂ ಸೇರಿ 17 ದೇಶ, ಪ್ರದೇಶಗಳ ಪುಟ್ಟ ಮಕ್ಕಳ ಬಗ್ಗೆ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನ್ಯೂಜಿಲೆಂಡಿನ ಮಕ್ಕಳು ಸರಾಸರಿ ರಾತ್ರಿ 7.27ಕ್ಕೆ ಮಲಗಿದರೆ, ಹಾಂಗ್‌ಕಾಂಗಿನ ಮಕ್ಕಳು 10.17ಕ್ಕೆ ಮಲಗುತ್ತಿದ್ದರು. ಆದರೆ ತಡವಾಗಿ ಮಲಗುವ ಏಷ್ಯಾದ ಮಕ್ಕಳ ಒಟ್ಟು ನಿದ್ದೆಯೂ ಕಡಿಮೆಯೇ ಇತ್ತು. ನೀವು ನೋಡಬೇಕಾದದ್ದು ಇದನ್ನೇ. ಹನ್ನೊಂದಕ್ಕೆ ಮಲಗಿದ ಮಗಳು ಎಂಟೂವರೆಗೆ ತಾನಾಗಿ ಏಳುತ್ತಾಳೋ, ಏಳಕ್ಕೇ ನೀವು ಎಬ್ಬಿಸುತ್ತೀರೋ? ಎಬ್ಬಿಸುತ್ತಿದ್ದರೆ ಅವಳ ನಿದ್ದೆಗೆ ದಿನವೂ ಕತ್ತರಿ ಬೀಳುತ್ತಿದೆ. ಮುಂದಿನ ವರ್ಷ ಪ್ಲೇಸ್ಕೂಲ್ ವ್ಯಾನ್ ಬಾಗಿಲಿಗೆ ಬಂದಾಗ ಇನ್ನೂ ಕಷ್ಟವಾಗುತ್ತದೆ.

ನಡುದಾರಿ ಹೀಗಿದೆ. ಹಗಲು ನಿದ್ದೆ ಒಂದರಿಂದ ಮೂರಕ್ಕೆ ಬರಲಿ, ರಾತ್ರಿ ಒಂಬತ್ತಕ್ಕೆ ಹಾಸಿಗೆಯಿರಲಿ. ಮನೆಗೆ ಬಂದ ಒಂದು ಗಂಟೆ ಪೂರ್ತಿ ಅವಳದು: ಊಟ, ಸ್ನಾನ, ಕಥೆ. ಎತ್ತಿ ಎಸೆದು ಆಡಿಸುವ ಆಟ ಬೆಳಗಿಗಿರಲಿ. ಏಳಕ್ಕೆ ಎದ್ದವಳನ್ನು ಹತ್ತಿರದ ಪಾರ್ಕಿಗೆ ಕರೆದೊಯ್ದರೆ ಅಪ್ಪನ ಜೊತೆ ಇನ್ನೊಂದು ಅರ್ಧ ಗಂಟೆ ಸಿಗುತ್ತದೆ, ಎಳೆಬಿಸಿಲು ಅವಳ ದೇಹದ ಗಡಿಯಾರವನ್ನೂ ಸರಿಪಡಿಸುತ್ತದೆ. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ಉದ್ದದ ಹಗಲಿಗೂ ಡಿಸೆಂಬರಿನ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ಅಂತರ. ಹಾಗಾಗಿ ಒಂದೇ ವೇಳಾಪಟ್ಟಿ ವರ್ಷಪೂರ್ತಿ ನಡೆಯುತ್ತದೆ. ಭಾನುವಾರವೂ ಅದನ್ನು ಕೆಡಿಸಬೇಡಿ.

ಮಲಗುವ ಒಂದು ಗಂಟೆ ಮೊದಲೇ ಟ್ಯೂಬ್‌ಲೈಟ್ ಆರಿಸಿ ಸಣ್ಣ ದೀಪ ಹಾಕಿ. ನಿದ್ದೆ ತರುವ ಮೆಲಟೋನಿನ್ ಹಾರ್ಮೋನು ಮಕ್ಕಳಲ್ಲಿ ಬೆಳಕಿಗೆ ಬಹಳ ಬೇಗ ಇಂಗುತ್ತದೆ. ಹಾಲ್‌ನಲ್ಲಿ ಧಾರಾವಾಹಿ ನಡೆಯುತ್ತಿದ್ದರೆ ಮಗುವನ್ನು ಒಳಕೋಣೆಗೆ ಕರೆದೊಯ್ಯಿರಿ. ಎರಡು ತುಂಬುವ ತನಕ ಮೊಬೈಲ್, ಟಿ.ವಿ. ಬೇಡ, ಎರಡರ ನಂತರ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ಒಂದು ಗಂಟೆಯೂ ಮಲಗುವ ಮುಂಚಿನದಾಗದಿರಲಿ.

ಪ್ರಶ್ನೆ: ನಮ್ಮ ಕಾಲದಲ್ಲಿ ಗಸಗಸೆ ಅರೆದು ಹಾಲಿಗೆ ಹಾಕಿ ಕೊಟ್ಟರೆ ಕೂಸು ಬೆಳಗಿನ ತನಕ ಮಲಗುತ್ತಿತ್ತು. ಈಗ ಸೊಸೆ ಬೇಡ ಎನ್ನುತ್ತಾಳೆ. ಮೊಮ್ಮಗನಿಗೆ ಒಂದೂವರೆ ವರ್ಷ, ಜೋಲಿಯಲ್ಲಿ ತೂಗಿದರೆ ಮಾತ್ರ ನಿದ್ದೆ.
– ಅಜ್ಜಿ, ಗಿರಿನಗರ

ಉತ್ತರ: ಅಮ್ಮಾ, ಈ ವಿಷಯದಲ್ಲಿ ಸೊಸೆಯ ಮಾತು ಕೇಳಿ. ಅಫೀಮು ಬರುವುದು ಗಸಗಸೆ ಗಿಡದ ಕಾಯಿಯ ಹಾಲಿನಿಂದ. ಅದರ ಅಂಶ ಬೀಜಕ್ಕೂ ಅಂಟಿರುತ್ತದೆ. ಎಷ್ಟು ಅಂಟಿದೆಯೆಂದು ಕಣ್ಣಿಗೆ ಕಾಣುವುದಿಲ್ಲ, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಹಬ್ಬದ ಗಸಗಸೆ ಪಾಯಸ ಕುಡಿದು ದೊಡ್ಡವರು ಮಧ್ಯಾಹ್ನ ಒರಗಿದರೆ ಚಿಂತೆಯಿಲ್ಲ. ಹತ್ತು ಕಿಲೋ ತೂಕದ ಮಗುವಿಗೆ ಅದೇ ಅಂಶ ಉಸಿರಾಟವನ್ನೇ ಕುಗ್ಗಿಸಬಹುದು.

ಶೀತದ ಸಿರಪ್ಪನ್ನೂ ನಿದ್ದೆಗೆಂದು ಕೊಡಬೇಡಿ. ಕ್ಲೋರ್‌ಫೆನಿರಮಿನ್ ಮತ್ತು ಫೆನೈಲೆಫ್ರಿನ್ ಕೂಡಿದ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಸೀಸೆಯ ಮೇಲೆಯೇ ಮುದ್ರಿಸಬೇಕು ಎಂದು ಔಷಧ ನಿಯಂತ್ರಣ ಇಲಾಖೆ 2023ರ ಡಿಸೆಂಬರಿನಲ್ಲೇ ಹೇಳಿದೆ.

ಎಣ್ಣೆನೀರು ಹಾಕುವುದನ್ನು ಧಾರಾಳವಾಗಿ ಮುಂದುವರಿಸಿ. ಬೆಳಿಗ್ಗೆ ಹನ್ನೊಂದಕ್ಕೆ ಹಾಕಿದರೆ ಮಧ್ಯಾಹ್ನದ ನಿದ್ದೆ ಸರಿಯಾದ ಹೊತ್ತಿಗೇ ಬರುತ್ತದೆ. ಸಾಂಬ್ರಾಣಿ ಹೊಗೆ ಮಾತ್ರ ಬೇಡ, ಎಳೆಯ ಶ್ವಾಸನಾಳಕ್ಕೆ ಅದು ಕಿರಿಕಿರಿ. ಜೋಲಿ ಬಿಡುವ ಕಾಲವೂ ಬಂದಿದೆ. ಎದ್ದು ನಿಲ್ಲುವ ಮಗು ಅದರಿಂದ ಬೀಳಬಹುದು, ಸೀರೆ ಕತ್ತಿಗೆ ಸುತ್ತಿಕೊಳ್ಳಬಹುದು. ನೆಲದ ಹಾಸಿಗೆಯಲ್ಲಿ ಪಕ್ಕದಲ್ಲಿ ಮಲಗಿಸಿ ಬೆನ್ನು ತಟ್ಟಿ. ನಿಮ್ಮ ಜೋಗುಳ ಹಾಗೇ ಇರಲಿ, ಜೋಲಿ ಹೋಯಿತೆಂದು ಅವನು ಅಷ್ಟು ಗಲಾಟೆ ಮಾಡುವುದಿಲ್ಲ.

ಪ್ರಶ್ನೆ: 14 ತಿಂಗಳ ಮಗಳು ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಹಾಲು ಕೇಳುತ್ತಾಳೆ. ಎದೆಹಾಲು ಸಾಲದೆಂದು ಬಾಟಲಿ ಹಾಲೂ ಕೊಡುತ್ತಿದ್ದೇನೆ. ಎದೆಹಾಲು ಬಿಡಿಸಬೇಕೆ?
– ತಾಯಿ, ಬನಶಂಕರಿ

ಉತ್ತರ: ಬಿಡಿಸಬೇಕಿಲ್ಲ. ಎರಡು ವರ್ಷ ಮತ್ತು ಅದರಾಚೆಗೂ ಎದೆಹಾಲು ಕೊಡಬಹುದು. ಸುಮಾರು ಗಂಟೆಗೊಮ್ಮೆ ನಿದ್ದೆಯ ಒಂದು ಸುತ್ತು ಮುಗಿದು ಎಲ್ಲ ಮಕ್ಕಳೂ ಅರೆ ಎಚ್ಚರವಾಗುತ್ತಾರೆ. ಹಾಲು ಕುಡಿಯುತ್ತಲೇ ನಿದ್ದೆಹೋದ ಮಗುವಿಗೆ ಮತ್ತೆ ಮಲಗಲೂ ಹಾಲೇ ಬೇಕಾಗುತ್ತದೆ. ಅದು ಹಸಿವಲ್ಲ, ರೂಢಿ. ಆದ್ದರಿಂದ ಕ್ರಮ ಬದಲಿಸಿ: ಮೊದಲು ಹಾಲು, ಆಮೇಲೆ ಹಲ್ಲುಜ್ಜುವುದು, ಕೊನೆಗೆ ಹಾಡೋ ಕಥೆಯೋ. ಕಣ್ಣು ಇನ್ನೂ ಸ್ವಲ್ಪ ತೆರೆದಿರುವಾಗಲೇ ಹಾಸಿಗೆಗೆ ಹಾಕಿ. ರಾತ್ರಿ ಮಿಸುಕಿದ ತಕ್ಷಣ ಎತ್ತಿಕೊಳ್ಳದೆ ಒಂದೆರಡು ನಿಮಿಷ ನೋಡಿ, ತಟ್ಟಿ. ಪಕ್ಕದಲ್ಲೇ ಮಲಗಿಸಿಕೊಳ್ಳುವುದು ನಮ್ಮ ಮನೆಗಳ ರೂಢಿ, ಒಂದು ವರ್ಷ ದಾಟಿದ ಮಗುವಿಗೆ ಅದರಿಂದ ತೊಂದರೆಯಿಲ್ಲ.

ಬಾಟಲಿ ಮಾತ್ರ ನಿಲ್ಲಬೇಕು. ರಾತ್ರಿಯ ಬಾಟಲಿ ಹಾಲಿನಿಂದ ಮುಂದಿನ ಹಲ್ಲುಗಳು ಹುಳುಕಾಗುತ್ತವೆ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಸುವಿನ ಹಾಲು ಕುಡಿಯುವ ಮಗುವಿಗೆ ಊಟ ಸೇರದೆ ಕಬ್ಬಿಣಾಂಶ ಕಡಿಮೆಯಾಗುತ್ತದೆ, ಅದರಿಂದ ನಿದ್ದೆಯಲ್ಲಿ ಹೊರಳಾಟ ಹೆಚ್ಚುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮೂವರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆಯಿದೆ. ಆರು ತಿಂಗಳು ದಾಟಿದ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿಲಿ ಕಬ್ಬಿಣಾಂಶದ ಸಿರಪ್ ಕೊಡುವ ಸರ್ಕಾರಿ ಕಾರ್ಯಕ್ರಮವಿದೆ. ಅಂಗನವಾಡಿಯಲ್ಲೋ ಆರೋಗ್ಯ ಕೇಂದ್ರದಲ್ಲೋ ಕೇಳಿ.

ಪ್ರಶ್ನೆ: ಡಿಸೆಂಬರಿನಲ್ಲಿ ನ್ಯೂಜೆರ್ಸಿಯಿಂದ ಎರಡು ವರ್ಷದ ಮೊಮ್ಮಗಳು ಬರುತ್ತಾಳೆ. ಕಳೆದ ಸಲ ಹಗಲೆಲ್ಲ ಮಲಗಿ ರಾತ್ರಿಯೆಲ್ಲ ಆಡಿದಳು.
– ತಾತ, ಶ್ರೀನಗರ

ಉತ್ತರ: ಇಲ್ಲಿ ಬೆಳಿಗ್ಗೆ ಆರೂವರೆಯಾದಾಗ ಅಲ್ಲಿ ಹಿಂದಿನ ರಾತ್ರಿ ಎಂಟು, ಅವಳು ಮಲಗುವ ಹೊತ್ತು. ಹಗಲು ಮಲಗದಂತೆ ತಡೆಯಬೇಡಿ. ಎರಡು ಗಂಟೆಗೊಮ್ಮೆ ಎಬ್ಬಿಸಿ ಬಿಸಿಲಿಗೆ ಕರೆದೊಯ್ಯಿರಿ, ಊಟ ಮಾತ್ರ ಇಲ್ಲಿಯ ಹೊತ್ತಿಗೇ ಆಗಲಿ. ರಾತ್ರಿ ಎರಡಕ್ಕೆ ಎದ್ದರೆ ಬಾಳೆಹಣ್ಣೋ ಒಂದಿಷ್ಟು ಮೊಸರನ್ನವೋ ಕೊಟ್ಟು ಮಂದ ಬೆಳಕಿನಲ್ಲೇ ಕೂರಿಸಿಕೊಳ್ಳಿ, ಟಿ.ವಿ. ಹಾಕಬೇಡಿ. ಒಂದು ವಾರ, ಹತ್ತು ದಿನ ಬೇಕಾಗುತ್ತದೆ. ನೆಂಟರ ಮನೆ ಊಟಗಳನ್ನು ಎರಡನೇ ವಾರಕ್ಕೆ ಇಟ್ಟುಕೊಳ್ಳಿ. ಮೆಲಟೋನಿನ್ ಹನಿಗಳನ್ನು ವೈದ್ಯರನ್ನು ಕೇಳದೆ ಕೊಡಬಾರದು.

ಪ್ರಶ್ನೆ: ಎರಡೂವರೆ ವರ್ಷದ ಮಗ ಒಂದು ವಾರದಿಂದ ಮಧ್ಯಾಹ್ನ ಮಲಗುತ್ತಿಲ್ಲ. ರಾತ್ರಿ ಗೊರಕೆ ಬೇರೆ ಹೊಡೆಯುತ್ತಾನೆ. ವೈದ್ಯರಿಗೆ ತೋರಿಸಬೇಕೆ?
– ತಾಯಿ, ಜೆ.ಪಿ. ನಗರ

ಉತ್ತರ: ಮಧ್ಯಾಹ್ನದ ಮುಷ್ಕರಕ್ಕೆ ಹೆದರಬೇಡಿ. ಎರಡು ವರ್ಷದ ಆಸುಪಾಸಿನಲ್ಲಿ ಅದು ಬಂದು ಹೋಗುತ್ತದೆ. ಹೆಚ್ಚಿನ ಮಕ್ಕಳು ಹಗಲು ನಿದ್ದೆಯನ್ನು ಪೂರ್ತಿ ಬಿಡುವುದು ಮೂರರಿಂದ ಐದು ವರ್ಷದ ನಡುವೆ. ಆ ಹೊತ್ತಿನಲ್ಲಿ ಕಿಟಕಿಯ ಪರದೆ ಎಳೆದು ಒಂದು ಗಂಟೆ ಸುಮ್ಮನೆ ಮಲಗಿರಲಿ, ನಿದ್ದೆ ಬಂದರೆ ಬರಲಿ.

ಗೊರಕೆಯನ್ನು ಮಾತ್ರ ಕಡೆಗಣಿಸಬೇಡಿ. ಶೀತವಾದಾಗಿನ ಗೊರಕೆ ಶೀತದ ಜೊತೆಗೇ ಹೋಗುತ್ತದೆ. ಶೀತವಿಲ್ಲದೆಯೂ ವಾರದಲ್ಲಿ ಮೂರು ರಾತ್ರಿಗಿಂತ ಹೆಚ್ಚು ಗೊರಕೆ, ಬಾಯಿ ತೆರೆದು ಉಸಿರಾಡುವುದು, ಉಸಿರು ನಿಂತು ನಿಂತು ಬರುವುದು, ಕತ್ತು ಹಿಂದಕ್ಕೆ ಚಾಚಿ ಬೆವರುವುದು ಇದ್ದರೆ ಮೂಗಿನ ಹಿಂದಿನ ಅಡೆನಾಯ್ಡ್ ಗ್ರಂಥಿ ಅಥವಾ ಟಾನ್ಸಿಲ್ ಊದಿಕೊಂಡಿರಬಹುದು. ಇದಕ್ಕೆ ಚಿಕಿತ್ಸೆಯಿದೆ. ನಿಮ್ಮ ಮಕ್ಕಳ ವೈದ್ಯರ ಬಳಿ ಹೋಗುವ ಮುನ್ನ ಮಗ ಮಲಗಿರುವಾಗ ಬಟ್ಟೆ ಸರಿಸಿ, ಎದೆ ಮತ್ತು ಮುಖ ಕಾಣುವಂತೆ ಎರಡು ನಿಮಿಷದ ವಿಡಿಯೊ ಮಾಡಿಕೊಳ್ಳಿ. ಕ್ಲಿನಿಕ್ಕಿನಲ್ಲಿ ಎಚ್ಚರವಾಗಿ ಕುಳಿತ ಮಗುವನ್ನು ನೋಡಿ ಗೊತ್ತಾಗದ್ದು ಆ ವಿಡಿಯೊದಲ್ಲಿ ಗೊತ್ತಾಗುತ್ತದೆ.