ಅಂಗಮರ್ದನವೂ ದಣಿದ ಸ್ನಾಯುಗಳೂ

ಗರಡಿಮನೆಯಲ್ಲಿ ಸಾಮು ಮುಗಿಸಿದ ಪೈಲ್ವಾನರ ಮೈಗೆ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮ ನಾಡಿನ ಹಳೆಯ ವಾಡಿಕೆ. ಇದರಿಂದ ನೋವು ಶಮನವಾಗುವುದೆಂಬುದು ಅನುಭವಿಗಳ ಮಾತು. ಆದರೆ ಅದು ಹೇಗೆ? ದುಡಿದ ಸ್ನಾಯುಗಳಲ್ಲಿ ಸಂಗ್ರಹವಾದ ಲ್ಯಾಕ್ಟಿಕ್ ಆಮ್ಲವನ್ನು ಅಂಗಮರ್ದನವು ಹಿಂಡಿ ಹೊರದೂಡುತ್ತದೆ ಎಂಬುದು ಬಹುಕಾಲದಿಂದ ಕೇಳಿಬಂದಿರುವ ಉತ್ತರ. ಇದನ್ನು ಪ್ರಯೋಗದ ಒರೆಗೆ ಹಚ್ಚಿ ನೋಡೋಣ.

ಕೆನಡಾ ದೇಶದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2012ರಲ್ಲಿ ಇಂತಹ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. 11 ಮಂದಿ ತರುಣರು ವ್ಯಾಯಾಮದ ಬೈಸಿಕಲ್ಲನ್ನು ಶಕ್ತಿ ಉಡುಗುವವರೆಗೂ ತುಳಿದರು. ಬಳಿಕ ಪ್ರತಿಯೊಬ್ಬನ ಒಂದು ಕಾಲಿಗೆ ಮಾತ್ರ 10 ನಿಮಿಷ ಅಂಗಮರ್ದನ ಮಾಡಿ, ಮತ್ತೊಂದನ್ನು ಹಾಗೆಯೇ ಬಿಡಲಾಯಿತು. ಇದರ ಮರ್ಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎರಡು ಕಾಲುಗಳೂ ಒಬ್ಬನವೇ. ಅವನು ಉಂಡ ಅನ್ನ, ಹರಿಯುವ ರಕ್ತ, ಪಟ್ಟ ಶ್ರಮ ಎಲ್ಲವೂ ಎರಡಕ್ಕೂ ಸಮಾನ. ಆದುದರಿಂದ ಅವುಗಳಲ್ಲಿ ತೋರುವ ಭೇದಕ್ಕೆ ಮರ್ದನವೇ ಕಾರಣವೆಂದು ಊಹಿಸಬಹುದು.

ಮರ್ದನವಾದ ಕೂಡಲೇ ಒಮ್ಮೆ, ಎರಡೂವರೆ ಗಂಟೆಗಳ ತರುವಾಯ ಮತ್ತೊಮ್ಮೆ, ತೊಡೆಯ ಸ್ನಾಯುವಿನ ಸಣ್ಣ ಚೂರುಗಳನ್ನು ತೆಗೆದು ಪರೀಕ್ಷಿಸಲಾಯಿತು. ಲ್ಯಾಕ್ಟಿಕ್ ಆಮ್ಲದ ಪ್ರಮಾಣದ ಮೇಲೆ ಮರ್ದನದ ಪ್ರಭಾವವೇನೂ ಕಾಣಲಿಲ್ಲ! ಕಂಡ ಭೇದವೇ ಬೇರೆ. ತೀವ್ರ ವ್ಯಾಯಾಮದಿಂದ ಸ್ನಾಯುತಂತುಗಳಿಗೆ ಸೂಕ್ಷ್ಮವಾದ ಗಾಯಗಳಾಗುತ್ತವೆ. ಆಗ ಜೀವಕೋಶಗಳು ಕೆಲವು ರಾಸಾಯನಿಕ ಸಂಕೇತಗಳ ಮೂಲಕ ದೇಹದ ರಕ್ಷಣಾವ್ಯವಸ್ಥೆಯನ್ನು ಎಚ್ಚರಿಸುತ್ತವೆ, ಇದರಿಂದ ಉರಿಯೂತವುಂಟಾಗುತ್ತದೆ. ಮರ್ದಿಸಿದ ಕಾಲಿನಲ್ಲಿ ಈ ಸಂಕೇತಗಳು ತಗ್ಗಿದ್ದವು. ಜೀವಕೋಶಗಳಿಗೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯಗಳ ನಿರ್ಮಾಣವನ್ನು ಪ್ರಚೋದಿಸುವ ಸಂಕೇತಗಳಾದರೋ ಹೆಚ್ಚಿದ್ದವು.

ಹಾಗೆಂದು ಉರಿಯೂತವನ್ನು ಕೇವಲ ಶತ್ರುವೆಂದು ಎಣಿಸಲಾಗದು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು, ಸ್ನಾಯು ಗಾಯಗೊಂಡ ಸಣ್ಣ ಇಲಿಗಳ ಕಾಲುಗಳನ್ನು ಯಂತ್ರದಿಂದ ಮೆಲ್ಲಗೆ ಅದುಮಿ ಬಿಡುತ್ತ ಬಂದು, ಅದರ ಪರಿಣಾಮವನ್ನು 2021ರಲ್ಲಿ ವರದಿಮಾಡಿದರು. ಗಾಯದೆಡೆಗೆ ಧಾವಿಸಿ ಬಂದಿದ್ದ ನ್ಯೂಟ್ರೊಫಿಲ್ ಎಂಬ ಬಿಳಿಯ ರಕ್ತಕಣಗಳು ಬೇಗನೆ ತೆರವಾದವು. ಸ್ನಾಯುಗಳ ಬಲವೂ ಹೆಚ್ಚಾಗಿ ಮರಳಿತು. ಈ ಕಣಗಳು ಮೊದಮೊದಲು ಅವಶ್ಯಕ. ಬಹುಕಾಲ ನಿಂತರೆ ಮಾತ್ರ ಹೊಸ ತಂತುಗಳು ಬಲಿಯುವುದಕ್ಕೆ ಅಡ್ಡಿಯಾಗುತ್ತವೆ.

ಹನ್ನೊಂದು ಮಂದಿಯ ಹಾಗೂ ಇಲಿಗಳ ಮೇಲೆ ನಡೆದ ಈ ಪ್ರಯೋಗಗಳಿಂದ, ಅಂಗಮರ್ದನವು ನೆಗಡಿ ಜ್ವರಗಳನ್ನು ತಡೆಯುತ್ತದೆಂದು ಹೇಳಹೊರಡುವುದು ಅವಸರವಾದೀತು. ಆದರೆ ಒಂದು ಪಾಠವನ್ನು ಕಲಿಯಬಹುದು: ಪದ್ಧತಿಯು ಹಳೆಯದಾದ ಮಾತ್ರಕ್ಕೆ ಅದಕ್ಕಿತ್ತ ವಿವರಣೆ ಸರಿಯಾಗಬೇಕೆಂದಿಲ್ಲ, ವಿವರಣೆ ತಪ್ಪಾದ ಮಾತ್ರಕ್ಕೆ ಪದ್ಧತಿಯು ವ್ಯರ್ಥವಾಗಬೇಕೆಂದೂ ಇಲ್ಲ.