ಹಾಲುಹಲ್ಲು ಹೇಗೂ ಬೀಳುತ್ತದೆ ಎಂದು ಬಿಡಬೇಡಿ

ಹಾಲು ಉತ್ಪಾದಕ ಸಹೋದರಿಯರೇ,

ಹಸು ಕೊಳ್ಳುವಾಗ ಬಾಯಿ ಬಿಡಿಸಿ, ಎರಡು ಹಲ್ಲೋ ನಾಲ್ಕು ಹಲ್ಲೋ ಎಂದು ಎಣಿಸುತ್ತೀರಿ. ನಿಮ್ಮ ಮಗುವಿನ ಬಾಯನ್ನೂ ತಿಂಗಳಿಗೊಮ್ಮೆ ಹೀಗೆಯೇ ಬೆಳಕಿನಲ್ಲಿ ನೋಡಿ.

ಮಗುವಿಗೆ ಸುಮಾರು 6 ತಿಂಗಳಿಗೆ ಮೊದಲ ಹಲ್ಲು ಬರುತ್ತದೆ. ಮೂರು ವರ್ಷದ ಹೊತ್ತಿಗೆ 20 ಹಾಲುಹಲ್ಲುಗಳೂ ಬಂದಿರುತ್ತವೆ. ಮುಂದಿನವು 6–7 ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ದವಡೆಯ ಹಾಲುಹಲ್ಲುಗಳು 10–12 ವರ್ಷದವರೆಗೂ ಬೇಕು. ಅವು ಹುಳುಕಾಗಿ ಬೇಗ ಹೋದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಮುಂದೆ ಬರುವ ಶಾಶ್ವತ ಹಲ್ಲು ಸೊಟ್ಟಗಾಗಬಹುದು. ಹಲ್ಲುನೋವಿರುವ ಮಗು ಸರಿಯಾಗಿ ಉಣ್ಣುವುದಿಲ್ಲ, ನಿದ್ದೆಯನ್ನೂ ಮಾಡುವುದಿಲ್ಲ.

ಹುಳುಕು ಹೇಗೆ ಆಗುತ್ತದೆ?

ಹಾಲಿನ ಕ್ಯಾನನ್ನು ತೊಳೆಯದೆ ರಾತ್ರಿಯಿಡೀ ಬಿಟ್ಟರೆ ಏನಾಗುತ್ತದೆಂದು ನಿಮಗೆ ಗೊತ್ತು. ಸೂಕ್ಷ್ಮಾಣುಗಳು ಉಳಿದ ಹಾಲನ್ನು ಹುಳಿ ಮಾಡುತ್ತವೆ. ಬಾಯಲ್ಲೂ ಹಾಗೆಯೇ. ಸಕ್ಕರೆ, ಬೆಲ್ಲ, ಬಿಸ್ಕತ್ತು ಹಲ್ಲಿಗೆ ಅಂಟಿದರೆ ಸೂಕ್ಷ್ಮಾಣುಗಳು ಅದನ್ನು ಆಮ್ಲ ಮಾಡುತ್ತವೆ. ಆಮ್ಲ ಹಲ್ಲನ್ನು ಕೊರೆಯುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಬಾಯಿ ತಾನಾಗಿ ತೊಳೆಯುವುದಿಲ್ಲ. ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಗುವಿಗೆ ಮೇಲಿನ ಮುಂದಿನ ಹಲ್ಲುಗಳು ಮೊದಲು ಹಾಳಾಗುತ್ತವೆ.

ಹಾಲು ನಿಲ್ಲಿಸಬೇಡಿ. ಸಕ್ಕರೆ ಹಾಕದೆ ಕೊಡಿ. ವರ್ಷ ತುಂಬಿದ ಮೇಲೆ ಬಾಟಲಿ ಬಿಡಿಸಿ, ಲೋಟದಲ್ಲಿ ಕುಡಿಸಿ.

ನೀವು ಮಾಡಬೇಕಾದದ್ದು

• ಮೊದಲ ಹಲ್ಲು ಬಂದ ದಿನದಿಂದಲೇ ಮೃದುವಾದ ಬ್ರಷ್‌ನಿಂದ ದಿನಕ್ಕೆ ಎರಡು ಸಲ ಉಜ್ಜಿ. ಬೆಳಗಿನ ಹಾಲು ಕರೆಯುವ ಗಡಿಬಿಡಿಯಲ್ಲಿ ಮನೆಯವರು ಯಾರಾದರೂ ಉಜ್ಜಿಸಲಿ. ರಾತ್ರಿ ಮಲಗುವ ಮುಂಚಿನದನ್ನು ಮಾತ್ರ ತಪ್ಪಿಸಬೇಡಿ.
• ಫ್ಲೋರೈಡ್ ಇರುವ ಪೇಸ್ಟ್ 3 ವರ್ಷದವರೆಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷಕ್ಕೆ ಬಟಾಣಿಯಷ್ಟು ಸಾಕು. ನುಂಗದೆ ಉಗುಳಲು ಕಲಿಸಿ.
• 7–8 ವರ್ಷದವರೆಗೆ ಉಜ್ಜುವಾಗ ದೊಡ್ಡವರು ಜೊತೆಗಿರಿ.
• ಇದ್ದಿಲು, ಇಟ್ಟಿಗೆ ಪುಡಿ ಬೇಡ, ಹಲ್ಲು ಸವೆಯುತ್ತದೆ.
• ನೀವು ಬಾಯಿಗಿಟ್ಟ ಚಮಚದಲ್ಲಿ ಮಗುವಿಗೆ ತಿನ್ನಿಸಬೇಡಿ. ನಿಮ್ಮ ಬಾಯಿಯ ಸೂಕ್ಷ್ಮಾಣು ಮಗುವಿಗೆ ಹೋಗುತ್ತದೆ.

ಆರನೇ ವರ್ಷದ ದವಡೆ ಹಲ್ಲು

ಸುಮಾರು 6 ವರ್ಷಕ್ಕೆ, ಯಾವ ಹಲ್ಲೂ ಬೀಳದೆಯೇ, ಎಲ್ಲಕ್ಕಿಂತ ಹಿಂದೆ ಒಂದು ದವಡೆ ಹಲ್ಲು ಬರುತ್ತದೆ. ಅದು ಹಾಲುಹಲ್ಲಲ್ಲ, ಶಾಶ್ವತ ಹಲ್ಲು. ಹೋದರೆ ಮತ್ತೆ ಬರುವುದಿಲ್ಲ.

ವಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಗುರುತಿರಬಹುದು. ಕಪ್ಪಾಗುವವರೆಗೆ ಕಾಯದೆ ದಂತ ವೈದ್ಯರಿಗೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ, ಶಾಲೆಗೆ ಬಂದಾಗ ಹಲ್ಲನ್ನೂ ನೋಡಲು ಕೇಳಿ. ಮುಖ ಊದಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ.